ನಲವತ್ತು ಡಿಗ್ರಿಯ ಬಟ್ಟಲು

ಮೂವತ್ತೆರಡು ರೆಕಾರ್ಡು ಪುಸ್ತಕ, ಕಂದು ಕಾಗದದ ಹೊದಿಕೆ,
ಸಾರಿನ ಪಾತ್ರೆ ಸರಿಸಿ ಊಟದ ಮೇಜಿನ ಮೇಲೆ ಇಟ್ಟಿದ್ದೇನೆ.
ಕೆಂಪು ಪೆನ್ನು. ಸಾಲಗಾಮೆ ರಸ್ತೆಯಲ್ಲಿ
ಕೊನೆಯ ಸಿಟಿ ಬಸ್ಸು ಹೋದ ಸದ್ದು.

ಪ್ರಯೋಗ ಏಳು: ಆಲೂಗಡ್ಡೆಯ ಕಿಣ್ವ, ಉಷ್ಣತೆಗೆ ಅದರ ಉತ್ತರ.
ತುಂಡು ಗಡ್ಡೆಗೆ ಪೆರಾಕ್ಸೈಡ್ ಸುರಿದರೆ ನೊರೆ ಏಳುತ್ತದೆ,
ಹಾಲು ಉಕ್ಕಿದ ಹಾಗೆ, ಒಲೆಯಿಲ್ಲದೆ.
ಒಂದು ನಿಮಿಷ ಕಾದು, ಎತ್ತರ ಅಳೆದು, ಚುಕ್ಕೆ ಇಡಬೇಕು.

ಮೊದಲ ಪುಸ್ತಕ: ಗುಡ್ಡ. ಏರಿ, ನಲವತ್ತಕ್ಕೆ ನೆತ್ತಿ, ಇಳಿದು ಸೊನ್ನೆ.
ಎರಡನೆಯದು ಅದೇ ಗುಡ್ಡ. ಹದಿನೇಳನೆಯದೂ ಅದೇ,
ಪಠ್ಯದ ನೂರ ಹನ್ನೆರಡನೇ ಪುಟದಿಂದ ಎದ್ದು ಬಂದದ್ದು.
ಒಬ್ಬಳಂತೂ ಬಳೆ ಇಟ್ಟು ಗೀರಿದ್ದಾಳೆ, ಅಷ್ಟು ನುಣುಪು.
ಸರಿ, ಸರಿ, ಸರಿ. ಐದಕ್ಕೆ ಐದು.

ಆಮೇಲೆ ಆಲೂರಿನ ಕೆಂಚಾಂಬ.
ಇವಳ ಗುಡ್ಡಕ್ಕೆ ನೆತ್ತಿಯಲ್ಲೇ ಕುಳಿ.
ಮೂವತ್ತಕ್ಕೆ ಮೂವತ್ತೊಂದು, ನಲವತ್ತಕ್ಕೆ ಬರೀ ಹನ್ನೆರಡು,
ಐವತ್ತಕ್ಕೆ ಮತ್ತೆ ಇಪ್ಪತ್ತು.
ರಬ್ಬರು ಉಜ್ಜಿ ಮಾಸಿದ ಗುರುತಿದೆ ಅಲ್ಲಿ:
ಒಮ್ಮೆ ಎತ್ತಿ ಮೇಲಿಟ್ಟ ಚುಕ್ಕೆ
ಮತ್ತೆ ಕೆಳಗಿಳಿದು ಕೂತಿದೆ.

ನಿರ್ಣಯ ಎಂಬಲ್ಲಿ, ನೀಲಿ ಶಾಯಿಯಲ್ಲಿ:
‘ನಲವತ್ತು ಡಿಗ್ರಿಯ ಬಟ್ಟಲಿನ ಗಡ್ಡೆ ಬೇರೆ.
ಉಳಿದವು ಈ ಸಲದವು, ಸಿಪ್ಪೆ ಹೆಬ್ಬೆರಳಿಗೇ ಸುಲಿಯುತ್ತಿತ್ತು.
ಅದು ಹಳೆಯದು, ಮೆತ್ತಗಿತ್ತು, ಮೊಳಕೆ ಕಿತ್ತ ಗುಳಿ ಇತ್ತು.
ನಮ್ಮವ್ವ ಮಂಡಿಯಲ್ಲಿ ಗಡ್ಡೆ ಆರಿಸುತ್ತಾಳೆ, ನನಗೆ ಗೊತ್ತಾಗುತ್ತೆ.
ಆದ್ದರಿಂದ ಈ ಇಳಿತ ಉಷ್ಣತೆಯದೋ ಗಡ್ಡೆಯದೋ
ಹೇಳಲಾಗುವುದಿಲ್ಲ.’

ಪೆನ್ನಿಗೆ ಮುಚ್ಚಳ ಹಾಕಿದೆ.

ಆ ಮಂಗಳವಾರ ನಾನು ಕೊಂಡದ್ದು ಐದೇ ಗಡ್ಡೆ. ಬಟ್ಟಲು ಆರು.
ಮನೆಯ ಈರುಳ್ಳಿ ಬುಟ್ಟಿಯ ತಳದಿಂದ ಆರನೆಯದನ್ನು ಹೆಕ್ಕಿ,
ಮೊಳಕೆ ಚಿವುಟಿ, ತೊಳೆದು, ಹೆಚ್ಚಿಟ್ಟವನು ನಾನು.
ಯಾರಿಗೂ ಹೇಳಿರಲಿಲ್ಲ.
ನನಗೇ ಹೇಳಿಕೊಂಡಿರಲಿಲ್ಲ.

ಅಂದರೆ ಆ ಕುಳಿ ಎಲ್ಲರ ಪ್ರನಾಳದಲ್ಲೂ ಇತ್ತು.
ಹದಿನೇಳು ಮಂದಿ ಬೆರಳುದ್ದವೂ ಏಳದ ನೊರೆಯನ್ನು ಕಣ್ಣಾರೆ ಕಂಡು
ಮನೆಗೆ ಹೋಗಿ ಗುಡ್ಡ ಬರೆದರು.
ಗುಡ್ಡ ಕಂಡಲ್ಲೆಲ್ಲ ನಾನು ಸರಿ ಹಾಕಿದೆ.

ಕೆಂಚಾಂಬಳ ಲಂಬ ಅಕ್ಷಕ್ಕೆ ಮಾನ ಬರೆದಿಲ್ಲ.
ಮಿಲಿಮೀಟರೋ, ಮೊಳವೋ? ಅದಕ್ಕೆ ಅರ್ಧ ಅಂಕ
ಕಳೆಯಲೇಬೇಕು, ಕಳೆದೆ.
ಅಂಚಿನಲ್ಲಿ, ಆರನೆಯದು ನಾನು ತಂದದ್ದು, ಎಂದು ಬರೆಯಲು
ಕೆಂಪು ಶಾಯಿ ಒಗ್ಗುತ್ತಿಲ್ಲ.
ಮಗಳ ಪೆನ್ಸಿಲ್ ಹುಡುಕುತ್ತಿದ್ದೇನೆ.
ಇನ್ನೂ ಹದಿನಾಲ್ಕು ಉಳಿದಿವೆ.