ಆರಕ್ಕೆ ನಾಲ್ಕು

ದೇರಾದಲ್ಲಿ, ನಾಯಿಫ್ ರಸ್ತೆಯ ಹಿಂದೆ, ಮೂರನೇ ಮಾಳಿಗೆ.
ಈ ಹಾಲನ್ನು ಎಂಟು ಮಾಡಿದವನು ನಾನೇ.
ಕಿವಿಯ ಮೇಲೆ ಪೆನ್ಸಿಲು, ಸೊಂಟಕ್ಕೆ ಟೇಪು,
ಅಲ್ಯುಮಿನಿಯಂ ಪಟ್ಟಿ, ಜಿಪ್ಸಂ ಹಲಗೆ, ನಾನೂರು ಸ್ಕ್ರೂ.
ಕೂಲಿಯ ಬದಲಿಗೆ ಒಂದು ಪಾಲು, ಮೂರು ತಿಂಗಳು ಬಾಡಿಗೆ ಮಾಫಿ.
ನಾಲ್ಕನೆಯ ತಿಂಗಳಿಂದ
ನಾನು ಕಟ್ಟಿದ ಗೋಡೆಗೆ ನಾನೇ ದುಡ್ಡು ಕೊಡುತ್ತಿದ್ದೇನೆ.

ಬೈಂದೂರಿನಲ್ಲಿ ನಮ್ಮಜ್ಜ ಮನೆಗಳಿಗೆ ಆಯ ಇಡುತ್ತಿದ್ದ.
ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ,
ಧ್ವಜಾಯ ಬಂದರೆ ವೀಳ್ಯಕ್ಕೆ ಕೈ ಚಾಚುತ್ತಿದ್ದ,
ಕಾಕಾಯ ಬಂದರೆ ‘ಒಂದು ಗೇಣು ಹೆಚ್ಚು ಮಾಡಿ’ ಅನ್ನುತ್ತಿದ್ದ,
ಗೇಣು ಪುಕ್ಕಟೆ ಸಿಗುವ ಸರಕು ಎಂಬಂತೆ.
ಆರಕ್ಕೆ ನಾಲ್ಕು ಇಪ್ಪತ್ತನಾಲ್ಕು.
ಎಂಟರಿಂದ ಭಾಗಿಸಿದರೆ ಶೇಷ ಸೊನ್ನೆ. ಕಾಗೆಯ ಆಯ.
ಯಾರಿಗೂ ಹೇಳಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಹಾಸಿಗೆಗೇ ಬಾಡಿಗೆ ಇರುವ ಊರು ಕಂಡವರಲ್ಲ.
ನಾನು ಓರೆಯಾಗಿ ಮಲಗುತ್ತೇನೆ, ಮೂಲೆಯಿಂದ ಮೂಲೆಗೆ:
ಏಳಡಿ ಎರಡೂವರೆ ಇಂಚು.
ಈ ಪಟ್ಟಣದಲ್ಲಿ ನನಗೆ ಗಿಟ್ಟಿದ ಲಾಭ ಅದೊಂದೇ.

ಎಸಿ ಒಂದೇ; ಗೋಡೆ ಸೂರು ಮುಟ್ಟುವಂತಿಲ್ಲ.
ತಂಪು ಹಂಚಿಹೋಗಲಿ ಎಂದು ಮೇಲೆ ಒಂದೂವರೆ ಅಡಿ ಬಿಟ್ಟಿದ್ದೇನೆ.
ಆ ಸಂದಿಯಲ್ಲೇ ಇದಿನಬ್ಬನ ಕೆಮ್ಮು ದಾಟುತ್ತದೆ,
ಸಲೂನಿನಿಂದ ಬಂದ ಫ್ಲೇವಿಯಾಳ ಜಪಸರದ ಮಣಿ ಸರಿಯುತ್ತದೆ,
ಕಿಟಕಿ ಪಾಲಿನ ಗಂಡಹೆಂಡತಿ ಜಗಳವನ್ನೂ ಪಿಸುಗುಟ್ಟುತ್ತಾರೆ.
(ಕಿಟಕಿಗೆ ಇನ್ನೂರು ದಿರ್ಹಂ ಜಾಸ್ತಿ. ಕಿಟಕಿಯಾಚೆ
ಎದುರು ಕಟ್ಟಡದ ಎಸಿಗಳ ಬೆನ್ನು.)
ಎಲ್ಲರಿಗೂ ಎಲ್ಲ ಕೇಳುತ್ತದೆ. ಯಾರಿಗೂ ಏನೂ ಕೇಳಿಲ್ಲ.
ಇದು ಕರಾರಿನಲ್ಲಿ ಬರೆಯದ ಕಲಮು.

ಮೊನ್ನೆ ಸಂಜೆ ಹಮೀದಾಲಿಯ ಫೋನು:
ಬೆಳಿಗ್ಗೆ ಬಲದಿಯಾದವರು ಬರುತ್ತಾರೆ, ಬಿಚ್ಚು.
ಹನ್ನೊಂದಕ್ಕೆ ಶುರು ಮಾಡಿದೆ. ಎರಡೂವರೆಗೆ
ಕೊನೆಯ ಹಲಗೆ ಟೆರೇಸಿಗೆ ಹೋಯಿತು,
ಹಾಲು ಬಯಲಾಯಿತು.

ಎಷ್ಟು ದೊಡ್ಡದು!
ಇದಿನಬ್ಬ ತನ್ನ ಕೆಮ್ಮಿಗಿಂತ ಚಿಕ್ಕ ವಯಸ್ಸಿನವನು.
ಫ್ಲೇವಿಯಾ ಕೂದಲು ಕಟ್ಟಿಕೊಂಡು ಎಲ್ಲರಿಗೂ ಚಾ ಸೋಸಿದಳು,
ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಲೋಟದಲ್ಲಿಟ್ಟೆವು.
ಕಿಟಕಿಯವರ ಮಗು ಶಿಫಾನಾ, ನಾಲ್ಕು ವರ್ಷ,
ಈ ಗೋಡೆಯಿಂದ ಆ ಗೋಡೆಗೆ ಓಡಿತು, ಮುಟ್ಟಿತು, ತಿರುಗಿ ಓಡಿತು.
ಮೂರು ಗಂಟೆ ರಾತ್ರಿ. ಯಾರೂ ಸುಮ್ಮನಿರು ಅನ್ನಲಿಲ್ಲ.

ಅವರು ಬಂದರು, ನೋಡಿದರು, ಸಹಿ ಹಾಕಿ ಹೋದರು.

ಈಗ ಮತ್ತೆ ಕಟ್ಟಿದ್ದೇನೆ. ಈ ಸಲ ಒಂಬತ್ತು.
ಮಾಲೀಕ ಏರಿಸಿದ್ದಾನಂತೆ; ಹಮೀದಾಲಿ ಚೆಕ್ಕಿನ ಪುಸ್ತಕ ತೆರೆದು ತೋರಿಸಿದ.
ಎಲ್ಲರಿಂದ ಐದೈದು ಇಂಚು ಕತ್ತರಿಸಿದೆ, ನನ್ನಿಂದ ಆರು.
ನನ್ನ ಓರೆಯೂ ಗಿಡ್ಡವಾಯಿತು.

ಮಲಗಿ ದೀಪ ಹಚ್ಚಿದರೆ ತಲೆಯ ಪಕ್ಕದ ಹಲಗೆಯ ಮೇಲೆ
ಹುಬ್ಬಿನ ಪೆನ್ಸಿಲಿನ ಐದು ಗೀಟು, ಪಕ್ಕದಲ್ಲಿ ತಾರೀಖು.
ಕೊನೆಯದು ನೆಲದಿಂದ ಮೂವತ್ತೆಂಟು ಇಂಚು.
ಟೇಪು ಹಿಡಿದು ನೋಡಿದೆ, ಕಸುಬಿನ ಚಟ.
ಹಲಗೆ ಅದಲುಬದಲಾಗಿದೆ.

ಅಷ್ಟರಲ್ಲಿ ಆ ತುದಿಯಿಂದ, ಸಂದಿಯ ಮೇಲಿಂದ:
‘ಉಮ್ಮಾ, ನಾನು ಎಲ್ಲಿ ಹೋದೆ?
ನನ್ನ ಗೀಟು ಇಲ್ಲ.’
ಶ್... ಎಂದಳು ತಾಯಿ.

ನಾನು ಎದ್ದು ಕೂತೆ. ಗಂಟಲು ಕಟ್ಟಿತ್ತು.
‘ಇಲ್ಲಿದೆ,’ ಅಂದೆ, ‘ನನ್ನ ಕಡೆ.’

ಒಂಬತ್ತು ಪಾಲೂ ಒಮ್ಮೆಗೇ ಉಸಿರು ಹಿಡಿದವು.
ಕೇಳಿಸಿತು ಎಂದು ಒಪ್ಪಿಕೊಂಡವರು
ಇಲ್ಲಿ ಇದುವರೆಗೆ ಯಾರೂ ಇರಲಿಲ್ಲ.

‘ಇಪ್ಪತ್ತೆರಡು ಸ್ಕ್ರೂ,’ ಅಂದೆ. ‘ನಾಳೆ.’