ಜೋಳದಷ್ಟು ಚುಕ್ಕಿ

ಮುಹರ್ರಕ್‌ನಲ್ಲಿ ಕಡಲಿಗೆ ಬೆನ್ನು ಹಾಕಿ ಕೂತ ತೋಟ.
ಗಿಡಕ್ಕಿಂತ ಕಲ್ಲು ಹೆಚ್ಚು, ಕಲ್ಲಿನ ಮೇಲೆಲ್ಲ
ಸತ್ತ ಕವಿಗಳ ಸಾಲು.
ಬರೆದುಕೊಟ್ಟ ಕಾಗದ ಅಂಟಿಸಿಕೊಂಡು
ಬಲದಿಂದ ಎಡಕ್ಕೆ ಕೊರೆದವನು ನಾನು,
ಇಳಕಲ್ಲಿನ ಕೆಂಪು ಕಲ್ಲಿನಲ್ಲಿ ಕೈ ಪಳಗಿದವನು,
ಈ ಲಿಪಿ ಓದಲು ಬಾರದವನು.

ಅಲಿಫ್ ಅಂದರೆ ನನಗೆ ನೆಟ್ಟ ಗೂಟ.
ನೂನ್ ಅಂದರೆ ಬಟ್ಟಲು, ಮೇಲೊಂದು ಕಾಳು.
ಹೀಗೇ ಹದಿನಾರು ಕಲ್ಲು ಮುಗಿದವು.

ಹದಿನೇಳನೆಯದು ಕಾರಂಜಿ ಪಕ್ಕ ಮಲಗಿಸುವ ಹಾಸು.
ಉಳಿ ಜಾರಿತೋ, ಕಲ್ಲೇ ಹುಳುಕಿತ್ತೋ,
ಒಂದಕ್ಷರದ ಅಡಿಯಲ್ಲಿ
ಜೋಳದಷ್ಟು ಚಕ್ಕೆ ಎದ್ದಿತು.
ಯಾರೂ ನೋಡಲಿಲ್ಲ ಅಂದುಕೊಂಡೆ.

ಉದ್ಘಾಟನೆಗೆ ಮೂರು ದಿನವಿತ್ತು. ಮುದುಕ ಬೂ ಜಾಸಿಂ
ಬಗ್ಗಿ, ಬೆರಳಾಡಿಸಿ ಓದಿ, ನಕ್ಕುಬಿಟ್ಟ.
ನೀರು ಬಿಡುವ ಪುತ್ತುಬಾವ ನನಗೆ ಬಿಡಿಸಿ ಹೇಳಿದ:
"ಕವಿ ಬರೆದದ್ದು ಹುಬ್ಬ್. ಅಂದರೆ ಪ್ರೀತಿ.
ನಿನ್ನ ಚುಕ್ಕಿ ಬಿದ್ದು ಜುಬ್ಬ್ ಆಗಿದೆ ಮಾರಾಯ. ಅಂದರೆ ಬಾವಿ.
ಈ ಊರನ್ನು ಕಾದದ್ದು ಬಾವಿ, ಅಂತ ಓದಬೇಕು ಈಗ."
ನಮ್ಮಲ್ಲಿ ಹುಬ್ಬು ಕಣ್ಣಿನ ಮೇಲಿರುತ್ತದೆ, ಅಂದೆ.
ನನ್ನದು ಆಗಲೇ ಹಣೆಗೇರಿತ್ತು,
ಕೂಲಿ ಹಿಡಿಯುತ್ತಾರೆಂದು.

ಇರಲಿ ಬಿಡಿ, ಸುಳ್ಳೇನಲ್ಲ, ಅಂದನಂತೆ ಮುದುಕ.
ಅವನಪ್ಪ ತೊಗಲಿನ ಚೀಲ ಹಿಡಿದು
ಉಪ್ಪುಕಡಲಿನ ತಳಕ್ಕೆ ಮುಳುಗಿ
ಸಿಹಿನೀರು ತುಂಬಿಕೊಂಡು ಬರುತ್ತಿದ್ದ.
ಕಡಲಿಗೆ ಮಣ್ಣು ಸುರಿದು ನೆಲ ಮಾಡಿದ ಮೇಲೆ
ಆ ಒರತೆ ಎಲ್ಲಿದೆಯೋ,
ಈ ತೋಟದಡಿಯಲ್ಲೇ ಇದ್ದರೂ ಇದ್ದೀತು.

ಇಂಜಿನಿಯರ್ ಕೇಳಲಿಲ್ಲ.
ಕಲ್ಲುಪುಡಿ ಕಲಸಿದ ಅಂಟು ಮೆತ್ತಿಸಿದ. ಪ್ರೀತಿ ಆಯಿತು.

ಆದರೆ ಆಗಸ್ಟಿನ ಗಾಳಿಗೆ ಉಪ್ಪಿನ ಹಲ್ಲು.
ವರ್ಷ ವರ್ಷ ಅಂಟು ಉದುರುತ್ತದೆ,
ಫೋನು ಬರುತ್ತದೆ, ಅಡುಗೆಮನೆಯ ಹಾಸು ಉಜ್ಜುವ ಕೆಲಸ ಬಿಟ್ಟು
ಡಬ್ಬಿ ಹಿಡಿದು ಬಸ್ಸು ಹತ್ತುತ್ತೇನೆ.
ನಮ್ಮೂರ ಕೆರೆಯ ಏರಿಯ ಶಾಸನದಲ್ಲಿ
ಮೇಲೆ ಸೂರ್ಯ ಚಂದ್ರ, ಕೊನೆಗೆ ಶಾಪ:
ಇದನ್ನು ಅಳಿದವನು ಹುಳವಾಗಿ ಹುಟ್ಟಲಿ.
ಇಲ್ಲಿ ಯಾರೂ ಶಾಪ ಕೊರೆಸಲಿಲ್ಲ.
ಕೊರೆಸಿದ್ದರೆ ತಗಲುವುದು ಯಾರಿಗೆ,
ಚಕ್ಕೆ ಎಬ್ಬಿಸಿದವನಿಗೋ, ಮುಚ್ಚುವವನಿಗೋ?
ಎರಡೂ ನಾನೇ.

ಈ ಸಲ ಬೆಳಗಿನ ಐದಕ್ಕೇ ಹೋದೆ.
ಕಾರಂಜಿಯ ಹನಿ ಸಿಡಿದು ಚುಕ್ಕಿ ತುಂಬಿತ್ತು.
ಬಿಳಿಕೆನ್ನೆಯ ಬುಲ್‌ಬುಲ್ ಒಂದು ಬಂದು
ಎರಡು ಸಲ ಕೊಕ್ಕು ಅದ್ದಿ, ತಲೆಯೆತ್ತಿ ನುಂಗಿ,
ನನ್ನ ಕಡೆ ನೋಡಿತು.

ಖರ್ಜೂರದ ಸಾಲಿನಾಚೆಯಿಂದ ಪುತ್ತುಬಾವ ಕೂಗಿದ: ಆಯಿತಾ?
ಆಯಿತು, ಅಂದೆ.
ಡಬ್ಬಿಯಲ್ಲಿ ಅಂಟು ಗಟ್ಟಿಯಾಗುತ್ತಿತ್ತು.