ಗಮನಿಸಲಾಯಿತು

ನಾನು ಮಾತಾಡುವ ಹಾಗಿಲ್ಲ. ನನ್ನ ಕೆಲಸ
ಅವರ ಮಾತಿಗೆ ಇಸ್ತ್ರಿ ಹಾಕುವುದು.
"ಏನ್ರೀ ಇದು, ಹೋದ ಸಲಾನೂ ಇದನ್ನೇ ಹೇಳಿದ್ರಲ್ಲ" ಎಂದು
ಮೇಜು ಗುದ್ದಿದರೆ ನಾನು ಬರೆಯುತ್ತೇನೆ:
ಸದಸ್ಯರು ವಿವರಣೆ ಕೋರಿದರು.
ಎಂಜಿನಿಯರ್ ಫಯಾಜ್ ಸಾಹೇಬರು ಕನ್ನಡಕ ಒರೆಸುತ್ತ
ಸುಮ್ಮನೆ ಕೂತರೆ:
ಮಾಹಿತಿ ಒದಗಿಸಲು ಕಾಲಾವಕಾಶ ನೀಡಲಾಯಿತು.
ಯಾರಿಗೂ ಏನೂ ತೋಚದೆ
ಹೊರಗೆ ಕಾಫಿ ಲೋಟಗಳ ಸದ್ದು ಕೇಳಿದರೆ:
ಗಮನಿಸಲಾಯಿತು.

ಹತ್ತೊಂಬತ್ತು ವರ್ಷ ಈ ಊರು
ಗಮನಿಸಿದ್ದನ್ನೆಲ್ಲ ಟೈಪು ಮಾಡಿದ್ದೇನೆ.
ಈಗ ನುಡಿಯಲ್ಲಿ ಗ ಒತ್ತಿದರೆ ಸಾಕು,
ಉಳಿದದ್ದನ್ನು ಬೆರಳುಗಳೇ ಮುಗಿಸುತ್ತವೆ.

ತಿಂಗಳಿಗೆ ಮೂರು ಸಭೆ, ಮೂರು ಕಡತ,
ಮೂರು ಬಣ್ಣದ ಲಾಡಿ.

ಹಸಿರು ಲಾಡಿ, ಸಿಬ್ಬಂದಿ. ಮಂಗಳವಾರ.
ಕಾಲುವೆ ಕಾವಲಿನ ಹುದ್ದೆ, ಒಂದು: ಖಾಲಿ.
ಅಂತೋಣಪ್ಪ ನಿವೃತ್ತನಾಗಿ ಐದು ವರ್ಷ.
ಅವನ ಟಾರ್ಚು ಇನ್ನೂ ನಮ್ಮ ಬೀರುವಿನಲ್ಲಿದೆ,
ಒಳಗೆ ಸೆಲ್ಲು ಸೋರಿ ಪಾಚಿಯ ಬಣ್ಣ.

ಬಿಳಿ ಲಾಡಿ, ಹಣಕಾಸು. ಗುರುವಾರ.
ಸದರಿ ಹುದ್ದೆಯ ಸಂಬಳದ ಬಾಬ್ತು: ಉಳಿತಾಯ.
ಅಧ್ಯಕ್ಷರು ಆ ಸಾಲಿನ ಮೇಲೆ ಬೆರಳಿಟ್ಟು
"ನೋಡಿ, ಮನಸ್ಸು ಮಾಡಿದರೆ ಆಗುತ್ತೆ" ಎಂದರು.
ಬಿಸ್ಕತ್ತಿನ ತಟ್ಟೆ ಇನ್ನೊಂದು ಸುತ್ತು ಬಂತು.

ಕೆಂಪು ಲಾಡಿ, ಅಪಾಯ. ಶನಿವಾರ, ಮಧ್ಯಾಹ್ನದ ಮೇಲೆ,
ಕೋರಂ ಆಗುವುದೇ ಕಷ್ಟ.
ಉರ್ದು ಶಾಲೆಯ ಹಿಂದಿನ ರಾಜಕಾಲುವೆ, ಜಾಲರಿ ಬಾಗಿಲು.
ಅಪಾಯದ ಮಟ್ಟ: ಕಡಿಮೆ.
ಕಾರಣ: ಕಾವಲುಗಾರನಿರುತ್ತಾನೆ.

ಮಂಗಳವಾರ ಅಂತೋಣಪ್ಪ ಇಲ್ಲ. ಗುರುವಾರ ಲಾಭ.
ಶನಿವಾರ ಮಾತ್ರ ಗಮ್‌ಬೂಟು ಹಾಕಿಕೊಂಡು
ಬಾಗಿಲ ಬಳಿ ನಿಂತಿರುತ್ತಾನೆ.

ಇದನ್ನು ಕಂಡವರು ಲೆಕ್ಕಪರಿಶೋಧಕರಲ್ಲ.
ಅವರು ಬಂದು ಒಂದು ವಾರ ಮೂಲೆಯ ಮೇಜಿನಲ್ಲಿ ಕೂತು
ಗುಂಡುಪಿನ್ನಿನ ಬಿಲ್ಲಿಗೆ ರುಜುವಿಲ್ಲವೆಂದು
ಆಕ್ಷೇಪಣೆ ಬರೆದು ಹೋದರು. ಒಳ್ಳೆಯವರು,
ಊಟದ ಡಬ್ಬಿ ತಾವೇ ತೊಳೆದುಕೊಳ್ಳುತ್ತಿದ್ದರು.
ಕಂಡದ್ದು ನನ್ನ ಬೆರಳುಗಳಿಗೆ.
ಮೂರೂ ಕಡತ ಮುಟ್ಟುವವಳು ನಾನೊಬ್ಬಳೇ.

ಹಾಗಾದರೆ ಐದು ಮಳೆಗಾಲ
ಆ ಬಾಗಿಲು ತೆಗೆದವರು ಯಾರು?
ಮೆಟ್ಟಿಲ ಬಳಿ ಓಬುಳಮ್ಮನನ್ನು ಕೇಳಿದೆ.
ಪೊರಕೆ ನಿಲ್ಲಿಸದೆ ಹೇಳಿದಳು:
"ನಾನೇ ಕಣಮ್ಮಾ. ಅಂತೋಣಪ್ಪ ಹೋಗೋವಾಗ
ಬೀಗದಕೈ ನನ್ ಕೈಗೆ ಹಾಕ್ದ.
ನೀರು ಏರಿದ ರಾತ್ರಿ ಹೋಗಿ ಕಸ ಎಳೆದು ಬತ್ತೀನಿ.
ಆ ಇಸ್ಕೂಲ್ ಪಕ್ಕದಾಗೇ ನನ್ ಮಗಳ ಮನೆ ಐತಲ್ಲ."
ಸೆರಗಿನ ತುದಿಯ ಗಂಟು ತೋರಿಸಿದಳು.
ಪಾಲಿಕೆಯ ಆಸ್ತಿ,
ಯಾವ ದಾಸ್ತಾನು ಪುಸ್ತಕದಲ್ಲೂ ನಮೂದಾಗದ್ದು.
"ಈ ತಿಂಗಳು ಮೂವತ್ತಕ್ಕೆ ನಂಗೂ ಅರವತ್ತು" ಎಂದಳು.

ಸೋಮವಾರ ಮೂರೂ ಸಮಿತಿಗಳ ಜಂಟಿ ಸಭೆ.
ಮೂರು ನಡಾವಳಿಯಿಂದ ಮೂರು ಸಾಲು ತೆಗೆದು
ಒಂದೇ ಹಾಳೆಯಲ್ಲಿ, ಒಂದರ ಕೆಳಗೊಂದು,
ಷರಾ ಬರೆಯದೆ ಮುದ್ರಿಸಿ
ಅಧ್ಯಕ್ಷರ ಮುಂದಿಟ್ಟೆ.
ಓದಿದರು. ತಿರುಗಿಸಿ ಹಿಂಬದಿ ನೋಡಿದರು: ಖಾಲಿ.
ಇನ್ನೊಮ್ಮೆ ಓದಿದರು.
"ಇದು ಯಾವ ಸಮಿತಿಗೆ ಬರುತ್ತೆ?"

ಫಯಾಜ್ ಸಾಹೇಬರು ಕನ್ನಡಕ ತೆಗೆಯಲಿಲ್ಲ.
ಹಲಸೂರಿನ ಕಡೆಯಿಂದ ಮೋಡ ಕಟ್ಟಿ
ಯಾರೋ ಎದ್ದು ಟ್ಯೂಬ್‌ಲೈಟು ಹಾಕಿದರು.
ತಾರೀಖು ಇಪ್ಪತ್ತೆಂಟು.
ಎಲ್ಲರೂ ಈಗ ನನ್ನ ಕಡೆ ನೋಡುತ್ತಿದ್ದಾರೆ,
ಮಾತಾಡುವ ಹಾಗಿಲ್ಲದವಳ ಕಡೆ.

ಗ ಒತ್ತಿದೆ.
ಬೆರಳುಗಳು ಗಂಟು ಎಂದು ಬರೆದವು.
ತಪ್ಪು. ಅಳಿಸಬೇಕು.
ಇನ್ನೂ ಅಳಿಸಿಲ್ಲ.